ಪಾಂಢರಾ ರಸ್ಸಾ ಪಕ್ಕಕ್ಕೊಂದು ಬರೋಲೊ

ಫ್ಲಾರೆನ್ಸ್ ನಗರದ ಪಶ್ಚಿಮದ ಅಂಚಿಗೆ ಕಾಶಿನೆ ಎಂಬ ದೊಡ್ಡ ಉದ್ಯಾನವಿದೆ. ಅದರ ಕೊನೆಯಲ್ಲಿ, ಆರ್ನೊ ನದಿಗೆ ಮುಗ್ನೋನೆ ಎಂಬ ಚಿಕ್ಕ ಹೊಳೆ ಬಂದು ಸೇರುವ ಸಂಗಮದಲ್ಲಿ, ಛತ್ರಿಯೊಂದರ ಕೆಳಗೆ ಪೇಟಾ ಸುತ್ತಿದ ತರುಣನ ಅರ್ಧಪ್ರತಿಮೆ. ಪಕ್ಕದಲ್ಲಿ 1978ರಲ್ಲಿ ತೆರೆದ ಸೇತುವೆಗೂ ಅವನ ನೆನಪಿನದೇ ಹೆಸರು, ‘ಪೊಂತೆ ಆಲ್ ಇಂಡಿಯಾನೊ’. ಆ ‘ಇಂಡಿಯಾನೊ’ ಬೇರಾರೂ ಅಲ್ಲ, ಕೊಲ್ಹಾಪುರದ ಛತ್ರಪತಿ ರಾಜಾರಾಮ. ವಿಲಾಯತಿಗೆ ಹೋಗಿ ಊರಿಗೆ ಮರಳುವ ದಾರಿಯಲ್ಲಿ, 1870ರ ನವೆಂಬರ್ 30ರಂದು ಫ್ಲಾರೆನ್ಸಿನಲ್ಲಿ ತೀರಿಕೊಂಡಾಗ ಆತನಿಗೆ ಇಪ್ಪತ್ತರ ಪ್ರಾಯ. ಹೆಣ ಸುಡುವ ರೂಢಿಯೇ ಇಲ್ಲದ ಊರು. ನಗರಸಭೆ ವಿಶೇಷ ಅಪ್ಪಣೆ ಕೊಟ್ಟು ಸಂಗಮದಲ್ಲಿ ದಹನಕ್ಕೆ ಜಾಗ ಬಿಟ್ಟಿತು. 1874ರಲ್ಲಿ ಸ್ಮಾರಕ ಎದ್ದಿತು. ಪ್ರತಿಮೆ ಕಡೆದವನು ಫುಲ್ಲರ್, ಛತ್ರಿಯ ನಕ್ಷೆ ಚಾರ್ಲ್ಸ್ ಮ್ಯಾಂಟ್‌ನದು. ಮುಂದೆ ಕೊಲ್ಹಾಪುರದ ಹೊಸ ಅರಮನೆಯ ನಕ್ಷೆ ಬರೆದವನೂ ಇದೇ ಮ್ಯಾಂಟ್.

ರಾಜಾರಾಮ ತೀರಿಕೊಂಡಾಗ ಫ್ಲಾರೆನ್ಸ್ ಇಟಲಿಯ ರಾಜಧಾನಿ. ಅದರ ದಕ್ಷಿಣಕ್ಕೆ ಹಬ್ಬಿರುವ ಗುಡ್ಡಗಳೇ ಕಿಯಾಂತಿ. ಅಲ್ಲಿನ ಬ್ರೋಲಿಯೊ ಕೋಟೆಯ ಒಡೆಯ ಬೆತ್ತಿನೊ ರಿಕಾಸೋಲಿ ಎರಡು ಸಲ ಪ್ರಧಾನಿಯಾಗಿ, ರಾಜಕೀಯ ಸಾಕಾಗಿ ದ್ರಾಕ್ಷಿ ತೋಟಕ್ಕೆ ಮರಳಿದ್ದ. ರಾಜಾರಾಮ ತೀರಿಕೊಂಡ ಎರಡು ವರ್ಷಕ್ಕೆ, 1872ರಲ್ಲಿ, ಪೀಸಾದ ಪ್ರೊಫೆಸರ್ ಒಬ್ಬರಿಗೆ ಬರೆದ ಪತ್ರದಲ್ಲಿ ಒಳ್ಳೆಯ ಕಿಯಾಂತಿಗೆ ಯಾವ ಯಾವ ದ್ರಾಕ್ಷಿ ಬೇಕೆಂದು ತಿಳಿಸಿದ. ಜೀವಾಳ ಸಾಂಜಿಯೊವೇಸೆ, ಅದನ್ನು ಮೆತ್ತಗಾಗಿಸಲು ಕನಾಯೊಲೊ, ಬೇಗ ಕುಡಿಯುವ ವೈನಿಗಾದರೆ ಒಂದಿಷ್ಟು ಬಿಳಿ ಮಾಲ್ವಾಸಿಯಾ. ಇಟ್ಟು ಹಳತು ಮಾಡುವ ವೈನಿಗೆ ಆ ಬಿಳಿ ದ್ರಾಕ್ಷಿ ಬೇಡವೆಂದೂ ಅದರಲ್ಲೇ ಸೂಚಿಸಿದ್ದ. ಯಾವುದು ಈಗ ಕುಡಿಯಲು, ಯಾವುದು ಇಟ್ಟು ಕುಡಿಯಲು ಎನ್ನುವುದು ತೋಟದಲ್ಲೇ ಇತ್ಯರ್ಥವಾಗುತ್ತದೆ, ಕಪಾಟಿನಲ್ಲಲ್ಲ ಎಂಬ ಮಾತನ್ನು ಒಬ್ಬ ಮಾಜಿ ಪ್ರಧಾನಿ ಅಂದೇ ಬರೆದಿಟ್ಟಿದ್ದಾನೆ.

ಈ ಮಾತು ಕೊಲ್ಹಾಪುರ ಜಿಲ್ಲೆಯ ಇಚಲಕರಂಜಿಯ ಎಷ್ಟೋ ಮನೆಗಳ ಶೋಕೇಸಿಗೆ ಇನ್ನೂ ಮುಟ್ಟಿಲ್ಲ.

ಶೋಕೇಸಿನ ಕತೆ ಹೀಗೆ. ಮಗ ಮಿಲಾನಿಗೆ ಮಗ್ಗದ ಯಂತ್ರ ನೋಡಲು ಹೋಗುತ್ತಾನೆ, ಇಲ್ಲವೆ ಸೊಸೆ ಕಂಪನಿ ಕೆಲಸಕ್ಕೆ ಯುರೋಪ್ ಸುತ್ತಿ ಬರುತ್ತಾಳೆ. ವಿಮಾನದಲ್ಲಿ ಬರುವವರು ಸುಂಕವಿಲ್ಲದೆ ತರಬಹುದಾದ್ದು 2 ಲೀಟರ್ ಮದ್ಯ. ಅಂದರೆ ಇಟಲಿಯ ಕೆಂಪು ವೈನು ಬರೋಲೊ ಎರಡು ಬಾಟಲಿ ಧಾರಾಳವಾಗಿ ಬಂದವು. ಅಂಗಡಿಯಲ್ಲಿ ಕೊಳ್ಳಲು ಹೊರಟರೆ ಕಷ್ಟ, ಆಮದು ವೈನಿನ ಮೇಲೆ ಕೇಂದ್ರದ ಸುಂಕವೇ ವರ್ಷಗಟ್ಟಲೆ ಶೇಕಡಾ 150 ಇತ್ತು. ಇಷ್ಟು ದುಬಾರಿ ಸಾಮಾನನ್ನು ಬಂದ ರಾತ್ರಿಯೇ ಒಡೆದು ಕುಡಿಯುವುದೆಂದರೆ ಮನೆಯ ಹಿರಿಯರಿಗೆ ಮನಸ್ಸು ಬಾರದು. ‘ಇರಲಿ ಬಿಡ್ರಿ, ಹಳೇದಾದಷ್ಟೂ ಚಲೋ ಆಗ್ತದಂತ’ ಎಂಬ ತೀರ್ಮಾನವಾಗುತ್ತದೆ. ಗಣಪತಿ ಮೂರ್ತಿ, ವ್ಯಾಪಾರಿ ಸಂಘ ಕೊಟ್ಟ ಸ್ಮರಣಿಕೆ, ಮೊಮ್ಮಗನ ಕ್ರಿಕೆಟ್ ಕಪ್ಪು, ಇವುಗಳ ನಡುವೆ ಬಾಟಲಿ ನೆಟ್ಟಗೆ ನಿಲ್ಲುತ್ತದೆ. ಮೇಲೊಂದು ಟ್ಯೂಬ್‌ಲೈಟ್. ಮೂರು ಬೇಸಿಗೆ ಕಳೆಯುವ ಹೊತ್ತಿಗೆ ಒಳಗಿನದು ಸತ್ತಿರುತ್ತದೆ.

ಹಳೆಯದೆಲ್ಲ ಒಳ್ಳೆಯದಾಗುವುದಿಲ್ಲ. ಜಗತ್ತಿನಲ್ಲಿ ತಯಾರಾಗುವ ವೈನಿನ ಬಹುಪಾಲು ಎರಡು ಮೂರು ವರ್ಷದೊಳಗೆ ಕುಡಿದು ಮುಗಿಸಲೆಂದೇ ಇರುವಂಥದು. ಇಟ್ಟಷ್ಟೂ ಬೆಳೆಯುವ ಜಾತಿ ಬಹಳ ಕಡಿಮೆ, ಅವುಗಳಲ್ಲಿ ಇಟಲಿಯ ನಾಲ್ಕಾರು ಕೆಂಪು ವೈನುಗಳಿಗೆ ಮೊದಲ ಸಾಲಿನಲ್ಲಿ ಜಾಗ. ಅವುಗಳ ಹಳತನಕ್ಕೆ ಸರಕಾರದ ಕಾಯದೆಯೇ ಉಂಟು. ಪಿಯೆಮೊಂತೆಯ ಬರೋಲೊ ನೆಬ್ಬಿಯೋಲೊ ಎಂಬ ಒಂದೇ ದ್ರಾಕ್ಷಿಯಿಂದ ಆಗಬೇಕು. ಕೊಯ್ಲಿನ ವರ್ಷದ ನವೆಂಬರ್ 1ರಿಂದ 38 ತಿಂಗಳು ಕಳೆಯದೆ ಮಾರುವಂತಿಲ್ಲ, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲೇ ಇರಬೇಕು. ರಿಸೆರ್ವಾ ಎಂದು ಬರೆಯಬೇಕೆಂದರೆ 62 ತಿಂಗಳು. ತಸ್ಕನಿಯ ಬ್ರುನೆಲ್ಲೊ ದಿ ಮೊಂತಾಲ್ಚಿನೊ ಅಪ್ಪಟ ಸಾಂಜಿಯೊವೇಸೆ. ಕೊಯ್ಲಾದ ಐದನೆಯ ವರ್ಷದ ಜನವರಿ 1ರವರೆಗೆ ಪೇಟೆಯ ಮುಖ ನೋಡುವಂತಿಲ್ಲ. ಇಟಲಿಯಲ್ಲಿ ನೆಲಮಾಳಿಗೆಯಿಂದ ಹೊರಬೀಳುವುದಕ್ಕೆ ಕಾಯದೆ. ಮಹಾರಾಷ್ಟ್ರದಲ್ಲಿ ಬಾಯೊಳಗೆ ಹೋಗುವುದಕ್ಕೆ ಕಾಯದೆ: 1949ರ ಪಾನನಿಷೇಧ ಕಾಯದೆಯ ಪ್ರಕಾರ ಕುಡಿಯುವವನ ಹತ್ತಿರ ಪರವಾನಗಿ ಇರಬೇಕು. ಗಡಹಿಂಗ್ಲಜದಿಂದ ಗಡಿ ದಾಟಿ ಕರ್ನಾಟಕದ ಸಂಕೇಶ್ವರಕ್ಕೆ ಬಂದರೆ ಆ ಚೀಟಿಯ ತಾಪತ್ರಯವಿಲ್ಲ. ಆದರೆ ಇತ್ತಲಿನ ಬಾಟಲಿಯನ್ನು ಅತ್ತ ಒಯ್ದರೆ ಅಬಕಾರಿಯವರು ಬೇರೆ ಕಾಯದೆ ಓದಿ ಹೇಳುತ್ತಾರೆ.

ಹಳತಾಗುವುದೆಂದರೆ ಒಳಗೆ ನಡೆಯುವುದೇನು? ದ್ರಾಕ್ಷಿಯ ಸಿಪ್ಪೆ, ಬೀಜಗಳಲ್ಲಿರುವ ಟ್ಯಾನಿನ್ನೇ ವೈನಿನ ಒಗರು. ಎಳೆಯ ಬರೋಲೊ ಒಂದು ಗುಟುಕು ಕುಡಿದರೆ ವಸಡು, ನಾಲಿಗೆ, ಕೆನ್ನೆಯ ಒಳಬದಿ ಎಲ್ಲ ಒಣಗಿ ಬಿಗಿಯುತ್ತದೆ. ಅದರ ಜೊತೆಗೆ ಹುಳಿ. ಈ ಒಗರು ಹುಳಿಗಳೇ ವೈನನ್ನು ಕಾಯುವ ಆಳುಗಳು. ಬೆಂಡಿನ ಮುಚ್ಚಳದ ಮೂಲಕ ಗಾಳಿ ಕೂದಲೆಳೆಯಷ್ಟು ಒಳಗೆ ಸೇರುತ್ತದೆ. ವರ್ಷಗಳು ಸರಿದಂತೆ ಟ್ಯಾನಿನ್ ಕಣಗಳು ಬಣ್ಣದ ಕಣಗಳ ಜೊತೆ ಕೂಡಿಕೊಂಡು ದೊಡ್ಡವಾಗಿ, ತೂಕ ಹೆಚ್ಚಿ, ಗಸಿಯಾಗಿ ತಳಕ್ಕೆ ಇಳಿಯುತ್ತವೆ. ಒಗರು ಮೆತ್ತಗಾಗುತ್ತದೆ, ಬಣ್ಣ ಇಳಿಯುತ್ತದೆ, ಹಣ್ಣಿನ ವಾಸನೆ ಹೋಗಿ ಬೇರೆ ವಾಸನೆಗಳು ಏಳುತ್ತವೆ. ಹಳೆಯ ನೆಬ್ಬಿಯೋಲೊದಲ್ಲಿ ಬಲ್ಲವರು ಹೇಳುವುದು ಎರಡು ವಾಸನೆ: ಬಾಡಿದ ಗುಲಾಬಿ, ಡಾಂಬರು. ಡಾಂಬರಿನ ವಾಸನೆಗೆ ಅಷ್ಟು ದುಡ್ಡು ಕೊಡುವವರೂ ಇದ್ದಾರಾ ಎಂದು ಕೇಳಬಾರದು. ಇದ್ದಾರೆ, ಸರತಿಯಲ್ಲಿ ನಿಂತಿದ್ದಾರೆ.

ರುಚಿ ನೋಡಿ ಬೆಲೆ ಕಟ್ಟುವ ವಿದ್ಯೆ ಸಿರಿವಂತರ ಶೋಕಿ ಎಂಬ ಗ್ರಹಿಕೆ ನಮ್ಮಲ್ಲಿದೆ. ಅದು ನಿಜವಲ್ಲ ಎಂಬುದಕ್ಕೆ ಕೊಲ್ಹಾಪುರದ ಬೆಲ್ಲದ ಪೇಟೆಯೇ ಸಾಕ್ಷಿ. ಶಾಹೂ ಮಹಾರಾಜರು 1895ರಲ್ಲಿ ಶಾಹೂಪುರಿ ಪೇಟೆ ಕಟ್ಟಿಸಿದಾಗಿನಿಂದ ಈ ಊರು ಬೆಲ್ಲಕ್ಕೆ ಬೆಲೆ ಕಟ್ಟುತ್ತ ಬಂದಿದೆ. 2014ರಲ್ಲಿ ಕೊಲ್ಹಾಪುರಿ ಗುಳಕ್ಕೆ ಜಿ.ಐ. ಮಾನ್ಯತೆಯೂ ಸಿಕ್ಕಿತು. ಇಂದಿಗೂ ಮಾರ್ಕೆಟ್ ಯಾರ್ಡಿನ ಅಡತಿ ಅಂಗಡಿಗಳ ಮುಂದೆ ಬೆಲ್ಲದ ಅಚ್ಚುಗಳು ಸಾಲಾಗಿ ಕೂತಿರುತ್ತವೆ. ಖರೀದಿದಾರ ಮೊದಲು ಬಣ್ಣ ನೋಡುತ್ತಾನೆ: ಕೇಸರಿಯೋ, ಹಳದಿಯೋ, ಕಂದೋ. ತೀರಾ ಬೆಳ್ಳಗೆ ಹೊಳೆದರೆ ಅವನ ಹುಬ್ಬು ಮೇಲೇರುತ್ತದೆ, ಬಣ್ಣ ತೆಗೆಯುವ ಪುಡಿ ಹೆಚ್ಚು ಬಿದ್ದಿದೆ ಎಂದು. ಉಗುರಿನಿಂದ ಗೀರಿ ಕಣಿ ನೋಡುತ್ತಾನೆ. ಚೂರು ಮುರಿದು ನಾಲಿಗೆಯ ಮೇಲಿಟ್ಟು ಕ್ಷಣ ಸುಮ್ಮನಾಗುತ್ತಾನೆ. ಸವುಳು ಭೂಮಿಯ ಕಬ್ಬಾದರೆ ಉಪ್ಪಿನ ಎಳೆ ಅಲ್ಲೇ ಸಿಕ್ಕಿಬೀಳುತ್ತದೆ. ಕಾಯಿಸುವಾಗ ತಳ ಹತ್ತಿದ್ದರೆ ಅದೂ. ಆಮೇಲೆ ಸೌದಾ. ಅವನ ಹತ್ತಿರ ಸರ್ಟಿಫಿಕೇಟಿಲ್ಲ, ತೆಳ್ಳನೆಯ ಗಾಜಿನ ಗ್ಲಾಸೂ ಇಲ್ಲ. ಆದರೆ ಮೊಂತಾಲ್ಚಿನೊದ ನೆಲಮಾಳಿಗೆಯಲ್ಲಿ ಪೀಪಾಯಿಯಿಂದ ಒಂದು ಗುಟುಕು ತೆಗೆದು ನೋಡುವವನು ಮಾಡುವುದೂ ಇಷ್ಟನ್ನೇ: ಬಣ್ಣ, ವಾಸನೆ, ನಾಲಿಗೆ, ಮೌನ, ಬೆಲೆ. ಕೊಲ್ಹಾಪುರದವರ ನಾಲಿಗೆಗೆ ಹೊಸದಾಗಿ ಕಲಿಸಬೇಕಾದ್ದು ಕಡಿಮೆ.

ವೈನಿನಲ್ಲಿ ಬಣ್ಣ ನೋಡುವ ಕ್ರಮ ಸ್ವಲ್ಪ ಬೇರೆ. ಗ್ಲಾಸನ್ನು ಓರೆಮಾಡಿ ಹಿಂದೆ ಬಿಳಿ ಬಟ್ಟೆ ಹಿಡಿಯಬೇಕು. ವಿಠ್ಠಲರಾವ ದಾತಾರರು 1904ರಲ್ಲಿ ಮೊದಲ ಪವರ್‌ಲೂಮ್ ಹೂಡಿದ ಇಚಲಕರಂಜಿಯಲ್ಲಿ ಬಿಳಿ ಬಟ್ಟೆಗೇನು ಬರ. ವೈನಿನ ನಡುಭಾಗವಲ್ಲ, ಗಾಜಿಗೆ ತಾಗಿದ ಅಂಚನ್ನು ನೋಡಬೇಕು. ಎಳೆಯದಾದರೆ ಅಂಚು ನೇರಳೆ, ಪ್ರಾಯದ್ದಾದರೆ ದಾಳಿಂಬೆ ಕೆಂಪು, ಹಳತಾದರೆ ಸುಟ್ಟ ಇಟ್ಟಿಗೆ. ನೆಬ್ಬಿಯೋಲೊ ಮಾತ್ರ ಮೋಸಗಾರ, ಹತ್ತು ವರ್ಷಕ್ಕೇ ಅಂಚು ಇಟ್ಟಿಗೆಗೆ ತಿರುಗಿ ಮುದುಕನಂತೆ ಕಾಣುತ್ತದೆ, ಬಾಯಿಗಿಟ್ಟರೆ ಜಗಜಟ್ಟಿ. ಆಮೇಲೆ ಮೂಗು. ಮಳೆಗಾಲದಲ್ಲಿ ನೆನೆದ ರಟ್ಟಿನ ಪೆಟ್ಟಿಗೆಯ ವಾಸನೆ ಬಂದರೆ ಬೆಂಡಿನ ಮುಚ್ಚಳ ಕೆಟ್ಟಿದೆ ಎಂದರ್ಥ; ಬಾಟಲಿ ಎಷ್ಟು ಹಳೆಯದಾದರೂ, ಎಷ್ಟು ಬೆಲೆಯದಾದರೂ ಚೆಲ್ಲುವುದೊಂದೇ ದಾರಿ. ಕೊನೆಗೆ ಬಾಯಿ. ಗುಟುಕು ಗಂಟಲಿಗಿಳಿದ ಮೇಲೆ ರುಚಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದೇ ಹಳೆಯ ವೈನಿನ ನಿಜವಾದ ಪರೀಕ್ಷೆ. ಘಮಘಮಿಸಿ ಬಂದು ತಟ್ಟನೆ ಮಾಯವಾಗುವ ವೈನುಗಳು ಬೇಕಾದಷ್ಟಿವೆ.

ಹಳತು ಮಾಡುವ ಪೀಪಾಯಿಯ ವಿಷಯದಲ್ಲಿ ಇಟಲಿಯಲ್ಲಿ ಮನೆಗಳೇ ಒಡೆದಿವೆ. ಬರೋಲೊ ಸೀಮೆಯ ಲಾ ಮೋರಾ ಊರಿನ ಎಲಿಯೊ ಅಲ್ತಾರೆ ಫ್ರಾನ್ಸಿನ ಬರ್ಗಂಡಿಗೆ ಹೋಗಿ ಅಲ್ಲಿಯ ಚಿಕ್ಕ ಪೀಪಾಯಿಗಳನ್ನು, ಅದಕ್ಕಿಂತ ಹೆಚ್ಚಾಗಿ ಅಲ್ಲಿಯ ರೈತರ ಕಾರುಗಳನ್ನು ನೋಡಿ ಬಂದ. ತಂದೆಯ ನೆಲಮಾಳಿಗೆಯಲ್ಲಿ ತಲೆತಲಾಂತರದ ದೊಡ್ಡ ಮರದ ಪೀಪಾಯಿಗಳಿದ್ದವು. 1983ರಲ್ಲಿ ಮಗ ಮರ ಕೊಯ್ಯುವ ಯಂತ್ರಗರಗಸ ಹಿಡಿದು ಅವನ್ನು ಕತ್ತರಿಸಿ ಹಾಕಿದ, ಜಾಗಕ್ಕೆ 225 ಲೀಟರಿನ ಫ್ರೆಂಚ್ ಪೀಪಾಯಿ ತಂದ. ತಂದೆ ಮಗನಿಗೆ ಆಸ್ತಿ ಬಿಡಲಿಲ್ಲ. ಹಳಬರು ‘ಬರೋಲೊ ಕೆಟ್ಟಿತು’ ಎಂದರು, ಹೊಸಬರು ‘ಬರೋಲೊ ಗೆದ್ದಿತು’ ಎಂದರು. ಆ ಜಗಳದ ಕಾವು ಈಗ ಇಳಿದಿದೆ, ಎರಡೂ ಕಡೆಯವರು ಒಂದೊಂದು ಹೆಜ್ಜೆ ಹಿಂದೆ ಸರಿದಿದ್ದಾರೆ. ಹೊಲದ ಬದುವಿಗೆ ಮುಖ ತಪ್ಪಿಸಿ ಓಡಾಡುವ ಅಪ್ಪ ಮಕ್ಕಳನ್ನು ಕಂಡ ನಮ್ಮ ಪಂಚಗಂಗಾ ದಂಡೆಯವರಿಗೆ ಈ ಕತೆ ಹೊಸತೆನಿಸಲಿಕ್ಕಿಲ್ಲ.

ಇನ್ನೊಂದು ಕತೆ ಇದಕ್ಕಿಂತ ಕ್ರೂರ. ಮೊಂತಾಲ್ಚಿನೊದಲ್ಲಿ ವೈನು ಮಾಡುತ್ತಿದ್ದ ಜಾನ್‌ಫ್ರಾಂಕೊ ಸೊಲ್ದೇರಾ ವಿಪರೀತ ಕಟ್ಟುನಿಟ್ಟಿನ ಮನುಷ್ಯನಾಗಿದ್ದ. 2012ರ ಡಿಸೆಂಬರಿನ ಒಂದು ರಾತ್ರಿ ಅವನ ನೆಲಮಾಳಿಗೆಗೆ ನುಗ್ಗಿ ಯಾರೋ ಪೀಪಾಯಿಗಳ ನಲ್ಲಿ ತಿರುಗಿಸಿಬಿಟ್ಟರು. ಏನೂ ಕದಿಯಲಿಲ್ಲ. 2007ರಿಂದ 2012ರವರೆಗಿನ ಆರು ವರ್ಷದ ಬೆಳೆ, ಸುಮಾರು 62,600 ಲೀಟರ್, ಚರಂಡಿಗೆ ಹರಿಯಿತು. ಸಿಕ್ಕಿಬಿದ್ದವನು ಮೊದಲು ಅಲ್ಲೇ ದುಡಿಯುತ್ತಿದ್ದ ಆಳು. ಬೆಂಕಿ ಹಚ್ಚಿದ್ದರೆ ಮನೆ ಮತ್ತೆ ಕಟ್ಟಬಹುದಿತ್ತು. ಕಳೆದ ಆರು ವರ್ಷವನ್ನು ಯಾರೂ ಮತ್ತೆ ಕಟ್ಟಿಕೊಡಲಾರರು.

ಇಟಲಿಯ ಹಳೆಯ ಕೆಂಪು ವೈನುಗಳಲ್ಲಿ ನಮ್ಮ ಸೀಮೆಯವರಿಗೆ ಸಲೀಸಾಗಿ ಅರ್ಥವಾಗುವುದು ಅಮಾರೋನೆ. ವೆರೋನಾ ಪಕ್ಕದ ವಾಲ್ಪೋಲಿಚೆಲ್ಲಾ ಕಣಿವೆಯಲ್ಲಿ ಕೊರ್ವೀನಾ ಮೊದಲಾದ ದ್ರಾಕ್ಷಿಗಳನ್ನು ಕೊಯ್ದೊಡನೆ ಹಿಂಡುವುದಿಲ್ಲ. ಗಾಳಿಯಾಡುವ ಅಟ್ಟದ ಮೇಲೆ ಬಿದಿರಿನ ತಟ್ಟೆಗಳಲ್ಲೋ ಮರದ ಪೆಟ್ಟಿಗೆಗಳಲ್ಲೋ ಮೂರು ನಾಲ್ಕು ತಿಂಗಳು ಒಣಗಲು ಬಿಡುತ್ತಾರೆ. ತೂಕದಲ್ಲಿ ಮೂರರಲ್ಲಿ ಒಂದು ಪಾಲು ಹೋಗುತ್ತದೆ, ಸಕ್ಕರೆ ಗಟ್ಟಿಯಾಗುತ್ತದೆ. ಚಳಿಗಾಲದಲ್ಲಿ ಹಿಂಡಿ ಹುದುಗಿಸಿದರೆ ಶೇಕಡಾ 14ಕ್ಕೆ ಕಡಿಮೆಯಿಲ್ಲದ ಮದ್ಯಾಂಶದ, ದಟ್ಟವಾದ ವೈನು. ಮೊದಲಿಗೆ ಅಲ್ಲಿ ಮಾಡುತ್ತಿದ್ದುದು ರೆಚೋತೊ ಎಂಬ ಸಿಹಿ ವೈನು. 1936ರಲ್ಲಿ ಮರೆತುಹೋದ ಪೀಪಾಯಿಯೊಂದರಲ್ಲಿ ಸಕ್ಕರೆಯೆಲ್ಲ ಹುದುಗಿ ಸಿಹಿಯೇ ಇಲ್ಲದ ವೈನು ಸಿಕ್ಕಿತಂತೆ, ಅಲ್ಲಿಂದ ಅಮಾರೋನೆ ಹುಟ್ಟಿತಂತೆ. ಮರೆವಿನಿಂದ ಇಂಥ ಲಾಭ ಕಂಡವರು ಕಡಿಮೆ.

ಇದನ್ನೇ ತಾಸಗಾಂವಿನವರಿಗೆ ಹೇಳಿ ನೋಡಿ. ‘ಅಂದ್ರ ಮನುಕಾ ಮಾಡಿ ಆಮ್ಯಾಲ ಹಿಂಡ್ತಾರ’ ಎಂದು ಅರ್ಧ ವಾಕ್ಯದಲ್ಲಿ ಮುಗಿಸುತ್ತಾರೆ. ಕೊಲ್ಹಾಪುರದ ನೆರೆಯ ಸಾಂಗಲಿ ಜಿಲ್ಲೆಯ ತಾಸಗಾಂವ, ಕನ್ನಡ ಮಾತಾಡುವ ಜತ್ತ, ಅಲ್ಲಿಂದ ಮುಂದೆ ನಮ್ಮ ವಿಜಯಪುರದ ತಿಕೋಟಾದವರೆಗೆ ಬೇಸಿಗೆ ಹೊತ್ತಿಗೆ ಒಣದ್ರಾಕ್ಷಿಯ ಶೆಡ್ಡುಗಳೇ. ಗೊನೆಗಳನ್ನು ಡಿಪ್ಪಿಂಗ್ ಆಯಿಲ್ಲು, ಪೊಟ್ಯಾಶಿಯಂ ಕಾರ್ಬೊನೇಟ್ ಬೆರೆಸಿದ ನೀರಿನಲ್ಲಿ ಅದ್ದಿ, ಅಂತಸ್ತಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಹರವುತ್ತಾರೆ. ಒಣಹವೆ ಬೀಸಿದರೆ ಎರಡು ಮೂರು ವಾರದಲ್ಲಿ ಮನುಕಾ ಸಿದ್ಧ. ಅಕಾಲದ ಮಳೆ ಬಿದ್ದರೆ ಕಾಳು ಕಪ್ಪಾಗಿ ಬೆಲೆ ಅರ್ಧಕ್ಕಿಳಿಯುತ್ತದೆ. ವಾಲ್ಪೋಲಿಚೆಲ್ಲಾದವರು ಮೂರು ತಿಂಗಳು ತಂಪುಗಾಳಿಯಲ್ಲಿ ನಿಧಾನಕ್ಕೆ ಮಾಡುವುದನ್ನು ಇಲ್ಲಿಯ ಬಿಸಿಲು ಆತುರದಿಂದ ಮುಗಿಸುತ್ತದೆ. ಆತುರದಲ್ಲಿ ಸಿಹಿ ಉಳಿಯುತ್ತದೆ, ವೈನಿಗೆ ಬೇಕಾದ ಹುಳಿ ಉಳಿಯುವುದಿಲ್ಲ. ನಮ್ಮಲ್ಲಿ ಒಣದ್ರಾಕ್ಷಿ ಒಣದ್ರಾಕ್ಷಿಯಾಗಿಯೇ ಇರುವುದು ಕ್ಷೇಮ.

ಹಾಗೆಂದು ಇಟಲಿಯ ದ್ರಾಕ್ಷಿ ಈ ಮಣ್ಣಿಗೆ ಬರಲೇ ಇಲ್ಲವೆಂದಲ್ಲ. ಸೋಲಾಪುರ ಜಿಲ್ಲೆಯ ಅಕಲೂಜ ಸಕ್ಕರೆ ಕಾರ್ಖಾನೆಗೂ ಮೋಹಿತೆ-ಪಾಟೀಲ ಮನೆತನದ ರಾಜಕೀಯಕ್ಕೂ ಹೆಸರಾದ ಊರು. ಆ ಮನೆತನದ ಇಬ್ಬರು ಸಹೋದರರು, ದೆಹಲಿಯ ಸೇಖ್ರಿ ಸಹೋದರರು, ಇಟಲಿಯ ಸೆಕ್ಕಿ ಸಹೋದರರು ಸೇರಿ 2007ರಲ್ಲಿ ಅಲ್ಲಿ ಫ್ರಾತೆಲ್ಲಿ ವೈನ್ಸ್ ಕಟ್ಟಿದರು. ಹನ್ನೆರಡು ತಳಿಯ ಮೂರೂವರೆ ಲಕ್ಷ ಸಸಿಗಳು ಹೊರಗಿನಿಂದ ಬಂದವು. ವೈನು ಮಾಡಲು ತಸ್ಕನಿಯಿಂದ ಪಿಯೆರೊ ಮಾಸಿ ಬಂದರು. ಮೂರು ಜೋಡಿ ಅಣ್ಣತಮ್ಮಂದಿರು, ಒಬ್ಬ ಮಾಸಿ, ಒಟ್ಟು ಏಳು ಜನ. ಅವರ ದೊಡ್ಡ ಕೆಂಪು ವೈನಿಗೆ ಏಳರ ಲೆಕ್ಕದಲ್ಲೇ ‘ಸೆತ್ತೆ’ ಎಂದು ಹೆಸರು. 2009ರ ಬೆಳೆಯಿಂದ ಶುರುವಾದ ಅದರಲ್ಲಿ ಸಾಂಜಿಯೊವೇಸೆ ಮತ್ತು ಕ್ಯಾಬರ್ನೆ ಸೊವಿನ್ಯೋಂ ಬೆರೆತಿದ್ದವು, ಹದಿನಾಲ್ಕು ತಿಂಗಳು ಫ್ರೆಂಚ್ ಓಕ್ ಪೀಪಾಯಿಯ ವಾಸ. ಕರ್ನಾಟಕದಲ್ಲೂ ಒಂದುಂಟು. ಕೊಪ್ಪಳ ಜಿಲ್ಲೆಯ ಹಂಪಿ ಹಿಲ್ಸ್ ತೋಟದ ಕ್ರಿಷ್ಮಾದವರು ಬರೀ ಸಾಂಜಿಯೊವೇಸೆಯದೇ ವೈನು ಮಾಡುತ್ತಾರೆ. ರಿಕಾಸೋಲಿಯ ದ್ರಾಕ್ಷಿ ತುಂಗಭದ್ರೆಯ ಸೀಮೆಗೆ ಬಂದು ಬೇರು ಬಿಟ್ಟಿದೆ.

ಇವು ಹಳತಾಗಬಲ್ಲವೇ? ದಖ್ಖನ್ನಿನಲ್ಲಿ ಬಳ್ಳಿಗೆ ಚಳಿಗಾಲದ ನಿದ್ದೆಯಿಲ್ಲ. ಏಪ್ರಿಲಿನಲ್ಲೊಂದು, ಅಕ್ಟೋಬರಿನಲ್ಲೊಂದು ಚಾಟಣಿ ಮಾಡಿ, ಇಟಲಿಯವರು ಬಳ್ಳಿ ಮಲಗಿಸಿರುವ ಫೆಬ್ರವರಿಯಲ್ಲಿ ಇಲ್ಲಿ ಕೊಯ್ಯಬೇಕು. ಹಣ್ಣು ಬೇಗ ಮಾಗುತ್ತದೆ, ಹುಳಿ ಬೇಗ ಇಳಿಯುತ್ತದೆ. ಸೆತ್ತೆಯಂಥ ವೈನು ಐದಾರು ವರ್ಷ ಚೆನ್ನಾಗಿ ನಿಂತೀತು. ಮೂವತ್ತು ವರ್ಷದ ಬ್ರುನೆಲ್ಲೊ ಜೊತೆ ಕೂರಿಸುವುದು ಎರಡಕ್ಕೂ ಅನ್ಯಾಯ. ಮೊಂತಾಲ್ಚಿನೊದ ಬಿಯೊಂದಿ ಸಾಂತಿ ಮನೆಯಲ್ಲಿ 1888ರ ಬೆಳೆಯ ಬಾಟಲಿಗಳನ್ನು ಸುಮಾರು ನಾಲ್ಕು ದಶಕ ಕಳೆದ ಮೇಲೂ ತೆರೆದು, ಇಳಿದಷ್ಟನ್ನು ಅದೇ ವರ್ಷದ ವೈನಿನಿಂದ ತುಂಬಿ, ಹೊಸ ಬೆಂಡು ಹಾಕಿ ಮತ್ತೆ ಮಲಗಿಸಿದ್ದರು. ಅದು ಬೇರೆಯೇ ಜಾತಿ.

ಊಟದ ಮಾತು ಬಾರದೆ ಕೊಲ್ಹಾಪುರದಲ್ಲಿ ಯಾವ ಚರ್ಚೆಯೂ ಮುಗಿಯದು. ಇಲ್ಲಿಯ ತಾಟಿನಲ್ಲಿ ಎರಡು ವಾಟಿ: ತಾಂಬಡಾ ರಸ್ಸಾ, ಪಾಂಢರಾ ರಸ್ಸಾ. ಕೆಂಪಿನದಕ್ಕೆ ಗಡಹಿಂಗ್ಲಜದ ಸೌದಾದಲ್ಲಿ ಮಾರಾಟವಾಗುವ ಸಂಕೇಶ್ವರಿ ಮೆಣಸಿನಕಾಯಿ ಬಿದ್ದರಂತೂ ಹಣೆಯ ಮೇಲೆ ಬೆವರು ಸಾಲುಗಟ್ಟುತ್ತದೆ. ಕೆಂಪಿಗೆ ಕೆಂಪು ಸರಿಹೋದೀತೆಂದು ಬರೋಲೊವನ್ನು ತಾಂಬಡಾ ರಸ್ಸಾ ಜೊತೆ ಕೂರಿಸಿದರೆ ಕೆಟ್ಟಿತು. ಮದ್ಯಾಂಶ ಖಾರದ ಉರಿಯನ್ನು ಕೆರಳಿಸುತ್ತದೆ, ಒಗರು ಇನ್ನಷ್ಟು ಒರಟಾಗುತ್ತದೆ, ಇಪ್ಪತ್ತು ವರ್ಷ ಕಾದು ಪಡೆದ ಗುಲಾಬಿಯ ವಾಸನೆ ಬೆಳ್ಳುಳ್ಳಿ ಒಗ್ಗರಣೆಯ ಮುಂದೆ ಸೊಲ್ಲೆತ್ತದೆ ಕುಳಿತುಬಿಡುತ್ತದೆ. ಪಾಂಢರಾ ರಸ್ಸಾದ ಗುಣವೇ ಬೇರೆ. ಮಟನ್ನಿನ ಕಟ್ಟು, ತೆಂಗಿನ ಹಾಲು, ಗಸಗಸೆ, ಗೋಡಂಬಿ. ಅದರ ಜಿಡ್ಡು ಒಗರನ್ನು ತಬ್ಬಿಕೊಳ್ಳುತ್ತದೆ, ವೈನಿನ ಹುಳಿ ಆ ಜಿಡ್ಡನ್ನು ಹಗುರ ಮಾಡುತ್ತದೆ. ಹಳೆಯ ಬರೋಲೊಗೆ ಇಲ್ಲಿ ಸಿಗುವ ಒಳ್ಳೆಯ ಜೊತೆ ಇದೇ. ಅಮಾರೋನೆಯನ್ನು ಊಟ ಮುಗಿದ ಮೇಲೆ ನಾಲ್ಕು ಮನುಕಾದೊಂದಿಗೆ ಕುಡಿಯಬೇಕು. ಮಿಸಳ್ ಜೊತೆ ಮಾತ್ರ ಯಾವ ವೈನೂ ಬೇಡ. ಆ ಗೌರವ ಮಜ್ಜಿಗೆಗೇ ಇರಲಿ.

ಹಳೆಯ ಬಾಟಲಿ ಇಡಬೇಕಾದ್ದು 12–14 ಡಿಗ್ರಿ ತಂಪಿನಲ್ಲಿ, ಕತ್ತಲಲ್ಲಿ, ಮಗ್ಗುಲಾಗಿ. ಬೆಂಡು ಒಣಗಬಾರದು. ಅಂಥ ನೆಲಮಾಳಿಗೆ ಕೊಲ್ಹಾಪುರದಲ್ಲಿ ಯಾರ ಮನೆಯಲ್ಲಿದೆ? ಏಪ್ರಿಲಿನ ಬಿಸಿಲಿಗೆ ಕಾಯುವ ತಾರಸಿಯ ಕೆಳಗೆ ಬರೋಲೊ ಹಳತಾಗುವುದಿಲ್ಲ, ಬೇಯುತ್ತದೆ. ಅದಕ್ಕಾಗಿ ಶೋಕೇಸಿನಲ್ಲಿ ಬಾಟಲಿ ನಿಲ್ಲಿಸಿಕೊಂಡವರಲ್ಲಿ ಒಂದು ವಿನಂತಿ. ಇಟಲಿಯವರು ಕಾಯಬೇಕಾದಷ್ಟು ಕಾದು, ಕಾಯದೆಯ ಪ್ರಕಾರವೇ ಕಳಿಸಿದ್ದಾರೆ, ನೀವು ಮತ್ತೆ ಕಾಯಬೇಡಿ. ಬರುವ ಡಿಸೆಂಬರಿನ ಚಳಿಗೆ ಮುಹೂರ್ತ ಇಟ್ಟುಕೊಳ್ಳಿ. ಹಿಂದಿನ ದಿನವೇ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ ಗಸಿ ಇಳಿಯಲು ಬಿಡಿ. ಬೆಳಕಿಗೆ ಹಿಡಿದು ನಿಧಾನ ಬಗ್ಗಿಸಿ, ಗಸಿ ಕತ್ತಿನವರೆಗೆ ಬಂದೊಡನೆ ನಿಲ್ಲಿಸಿ. ಪಾಂಢರಾ ರಸ್ಸಾ ಬಿಸಿಯಿರಲಿ, ಪರವಾನಗಿ ಕಿಸೆಯಲ್ಲಿರಲಿ, ಮೊದಲ ಗುಟುಕನ್ನು ಬೆಲ್ಲದ ಪೇಟೆಯಲ್ಲಿ ನಾಲಿಗೆ ಪಳಗಿದ ಮನೆಯ ಹಿರಿಯರಿಗೇ ಕೊಡಿ.